40 ಸಲ ಓಡಿಸಿ ಒಂದನ್ನು ತೋರಿಸುವ ಬಗ್ಗೆ

ನನ್ನ ಕೆಲಸವೇ ಸಿಮ್ಯುಲೇಷನ್. ಕಂಪ್ಯೂಟರಿನೊಳಗೆ ವಸ್ತುಗಳನ್ನು ಬೀಳಿಸುವುದು, ಗುದ್ದಿಸುವುದು, ಮುರಿಯುವುದು. ಮೀಟಿಂಗಿನಲ್ಲಿ ಅಂಕಿಗಳ ಪಟ್ಟಿ ಇಟ್ಟರೆ ಹತ್ತು ಪ್ರಶ್ನೆ ಬರುತ್ತವೆ. ಅದೇ ಅಂಕಿಗಳಿಗೆ ಬಣ್ಣ ಹಚ್ಚಿ ವೀಡಿಯೊ ಮಾಡಿ ಓಡಿಸಿದರೆ ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ. ಆಫೀಸಿನಲ್ಲಾದರೆ ನಡೆಯುತ್ತದೆ ಬಿಡಿ. ಇಂಥದ್ದೇ ವೀಡಿಯೊ ಕೊಲೆ ಕೇಸಿನಲ್ಲಿ ಓಡಿದರೆ? ಇದೇ ಕುತೂಹಲಕ್ಕೆ ಕೋರ್ಟುಗಳು ಇದನ್ನೆಲ್ಲ ಹೇಗೆ ಅಳೆಯುತ್ತವೆ ಅಂತ ಒಂದಷ್ಟು ದಿನದಿಂದ ಓದುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಅನಿಮೇಷನ್ ಬೇರೆ, ಸಿಮ್ಯುಲೇಷನ್ ಬೇರೆ. ಸಾಕ್ಷಿಯೋ ತಜ್ಞರೋ ಬಾಯಲ್ಲಿ ಹೇಳಿದ್ದನ್ನು ಹಾಗೇ ಬಿಡಿಸಿ ತೋರಿಸುವುದು ಅನಿಮೇಷನ್. ಅದು ಚಲಿಸುವ ನಕ್ಷೆ, ಅಷ್ಟೇ. ಆ ಮಾತಿಗೆ ನಿಷ್ಠವಾಗಿದೆಯಾ ಅಂತ ಕೋರ್ಟು ನೋಡುತ್ತದೆ. ಸಿಮ್ಯುಲೇಷನ್ ಹಾಗಲ್ಲ. ತೂಕ, ವೇಗ, ಕೋನ ಕೊಟ್ಟರೆ ಮುಂದೇನಾಗುತ್ತದೆ ಅಂತ ಪ್ರೋಗ್ರಾಂ ತಾನೇ ಲೆಕ್ಕ ಹಾಕಿ ಉತ್ತರ ಹೇಳುತ್ತದೆ, ಅಂದರೆ ಅದೇ ಒಂದು ಸಾಕ್ಷ್ಯ. ಹಾಗಾಗಿ ಅದರ ಹಿಂದಿನ ವಿಜ್ಞಾನ, ಒಳಗೆ ಹಾಕಿದ ಅಂಕಿ, ಪ್ರೋಗ್ರಾಂ, ಎಲ್ಲಕ್ಕೂ ಪರೀಕ್ಷೆ ಆಗಬೇಕು. ನೋಡುವವರ ಕಣ್ಣಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ. ತೊಂದರೆ ಇರುವುದೇ ಅಲ್ಲಿ.

ಅಮೆರಿಕದ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು 2006ರಲ್ಲಿ ಇಂಥ ಒಂದು ಕೇಸು ನೋಡಿತು. ಗಂಡ ಹೆಂಡತಿಯನ್ನು ಗುಂಡಿಕ್ಕಿ ಕೊಂದಿದ್ದ, ಆತ್ಮರಕ್ಷಣೆಗೆ ಹೊಡೆದೆ ಅಂತ ಅವನ ವಾದ. ಪ್ರಾಸಿಕ್ಯೂಷನ್ ತನ್ನ ತಜ್ಞರ ಅಭಿಪ್ರಾಯವನ್ನು ಅನಿಮೇಷನ್ ಮಾಡಿ ತೋರಿಸಿತ್ತು. ಅದರಲ್ಲಿ ಶಬ್ದವಿರಲಿಲ್ಲ, ಮುಖದಲ್ಲಿ ಭಾವವಿರಲಿಲ್ಲ. ಇದು ತಜ್ಞರ ಅಭಿಪ್ರಾಯದ ಚಿತ್ರ ಮಾತ್ರ, ನಡೆದ ಘಟನೆಯ ರೆಕಾರ್ಡಿಂಗ್ ಅಲ್ಲ ಅಂತ ನ್ಯಾಯಾಧೀಶರು ಜ್ಯೂರಿಗೆ ಹೇಳಿಯೂ ಇದ್ದರು. ಹಾಗಾಗಿ ಅದನ್ನು ಒಪ್ಪಿದ್ದು ಸರಿ ಅಂತ ತೀರ್ಪು ಬಂತು. ತನ್ನದೇ ಅನಿಮೇಷನ್ ಮಾಡಿಸಲು ಆರೋಪಿಯ ಹತ್ತಿರ ದುಡ್ಡಿಲ್ಲ ಅನ್ನುವ ಆಕ್ಷೇಪ ನಿಲ್ಲಲಿಲ್ಲ. ನನಗೇನೋ ಆ ಭಾಗ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಒಳಗೆ ಹಾಕುವ ಅಂಕಿ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಬ್ರೇಕ್ ಹಾಕಿದ ಕಾರು 30 ಮೀಟರ್ ಜಾರಿ ನಿಂತಿದೆ ಅಂದುಕೊಳ್ಳಿ. ಟೈರಿನ ಗುರುತಿನಿಂದ ವೇಗ ಹೇಳಬೇಕು. ರಸ್ತೆಯ ಘರ್ಷಣಾ ಗುಣಾಂಕ, ಅಂದರೆ ಟೈರಿಗೆ ರಸ್ತೆಯ ಹಿಡಿತ ಎಷ್ಟು ಅನ್ನುವ ಅಂಕಿ, 0.7 ಅಂತ ಹಾಕಿದರೆ ಗಂಟೆಗೆ ಸುಮಾರು 73 ಕಿಲೋಮೀಟರ್ ಬರುತ್ತದೆ. 0.5 ಅಂತ ಹಾಕಿದರೆ 62. ಒಣ ಡಾಂಬರು ಮತ್ತು ಒದ್ದೆ ಡಾಂಬರಿನ ನಡುವೆ ಇರುವುದು ಹೆಚ್ಚುಕಡಿಮೆ ಇಷ್ಟೇ ವ್ಯತ್ಯಾಸ. ವೇಗಮಿತಿ 65 ಇದ್ದರೆ ಚಾಲಕ ತಪ್ಪಿತಸ್ಥನೋ ಅಲ್ಲವೋ ಅನ್ನುವುದು ಈ ಒಂದು ಅಂಕಿಯ ಮೇಲೆ ನಿಂತಿದೆ. ಆದರೆ ವೀಡಿಯೊದಲ್ಲಿ ಕಾರು "73 ಇರಬಹುದು, 62 ಕೂಡ ಇರಬಹುದು" ಅಂತ ಓಡುವುದಿಲ್ಲ ಅಲ್ವಾ? ಒಂದೇ ವೇಗದಲ್ಲಿ, ನುಣ್ಣಗೆ, ಯಾವ ಅನುಮಾನವೂ ಇಲ್ಲದೆ ಓಡುತ್ತದೆ.

ನಿಜವಾದ ಪ್ರಯೋಗದ ಕಥೆ ಬೇರೆ. 1990ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನ ಲೈಮ್ ಸ್ಟ್ರೀಟ್‌ನಲ್ಲಿ ಒಂದು ಮನೆ ಸುಟ್ಟು ಆರು ಜನ ಸತ್ತರು. ಬೆಂಕಿ ಹಬ್ಬಿದ ವೇಗ, ನೆಲದ ಮೇಲಿನ ಸುಟ್ಟ ಗುರುತು ನೋಡಿ, ಮನೆಯ ಯಜಮಾನನೇ ಪೆಟ್ರೋಲ್ ಸುರಿದು ಬೆಂಕಿ ಇಟ್ಟ ಅಂತ ಕೇಸಾಯಿತು. ಮಗು ಸೋಫಾಗೆ ಬೆಂಕಿ ತಗುಲಿಸಿತು ಅಂತ ಅವನು ಹೇಳುತ್ತಿದ್ದ. ಪಕ್ಕದಲ್ಲೇ ಕೆಡವಲಿಕ್ಕಿದ್ದ ಅದೇ ಥರದ ಮನೆ ಇತ್ತು. ಅದೇ ಬಗೆಯ ಕಾರ್ಪೆಟ್, ಸೋಫಾ ಹಾಕಿ, ಪೆಟ್ರೋಲ್ ಇಲ್ಲದೆ ಸೋಫಾಗೆ ಬೆಂಕಿ ಹಚ್ಚಿದರು. ಇದನ್ನು ಮಾಡಿಸಿದ್ದು ಪ್ರಾಸಿಕ್ಯೂಷನ್ನೇ. ಐದು ನಿಮಿಷದೊಳಗೆ ಇಡೀ ಕೋಣೆ ಒಟ್ಟಿಗೇ ಹೊತ್ತಿಕೊಂಡಿತು. ಬಿಸಿ ಹೊಗೆ ಚಾವಣಿಯಡಿ ತುಂಬಿ, ಅದರ ಕಾವಿಗೆ ಎಲ್ಲ ವಸ್ತುಗಳೂ ಏಕಕಾಲಕ್ಕೆ ಉರಿಯುವ ಈ ಸ್ಥಿತಿಗೆ ಫ್ಲ್ಯಾಷ್‌ಓವರ್ ಅನ್ನುತ್ತಾರೆ. ಪೆಟ್ರೋಲ್ ಸುರಿದ ಹಾಗೆ ಕಾಣುವ ಗುರುತು ಅದರಿಂದಲೂ ಬೀಳುತ್ತದೆ. ಆರೋಪ ಕೈಬಿಟ್ಟರು.

ಇಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಮಾಡಿಸಿದವರ ಮಾತನ್ನೇ ಪ್ರಯೋಗ ಸುಳ್ಳು ಮಾಡಿತು. ಅನಿಮೇಷನ್‌ಗೆ ಆ ಶಕ್ತಿ ಇಲ್ಲ, ಹೇಳಿಕೊಟ್ಟಿದ್ದನ್ನು ಬಿಟ್ಟು ಬೇರೇನೂ ಅದು ಹೇಳುವುದಿಲ್ಲ.

ಹಾಗಂತ ಪ್ರಯೋಗವೆಲ್ಲ ಪವಿತ್ರವೇನಲ್ಲ. ಮೂಲ ಘಟನೆಯ ಪರಿಸ್ಥಿತಿಗೂ ಪ್ರಯೋಗದ ಪರಿಸ್ಥಿತಿಗೂ ಸಾಕಷ್ಟು ಹೋಲಿಕೆ ಇರಬೇಕು ಅನ್ನುವುದು ಅಲ್ಲಿನ ಕೋರ್ಟುಗಳ ಮುಖ್ಯ ಷರತ್ತು. ಥೇಟ್ ಒಂದೇ ಆಗಿರಬೇಕಿಲ್ಲ. ಬರೀ ಒಂದು ಭೌತಶಾಸ್ತ್ರದ ನಿಯಮ ತೋರಿಸುವುದಾದರೆ ಇನ್ನೂ ಸಡಿಲ. ಹೋಲಿಕೆ ತಪ್ಪಿದರೆ ಏನಾಗುತ್ತದೆ ಅಂತ ನೋಡಲು ಮಾಜಿ ಹೆಂಡತಿ ಮತ್ತು ಆಕೆಯ ಸ್ನೇಹಿತನನ್ನು ಕೊಂದ ಆರೋಪ ಹೊತ್ತಿದ್ದ ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಓ. ಜೆ. ಸಿಂಪ್ಸನ್‌ನ 1995ರ ವಿಚಾರಣೆ ಸಾಕು. ಕೊಲೆಗಾರನದ್ದು ಅಂತ ಪ್ರಾಸಿಕ್ಯೂಷನ್ ಹೇಳುತ್ತಿದ್ದ ಗ್ಲೌಸನ್ನು ಜ್ಯೂರಿಯ ಎದುರೇ ಅವನಿಗೆ ಹಾಕಿಸಿದರು, ಅದೂ ಒಳಗೆ ರಬ್ಬರ್ ಗ್ಲೌಸ್ ಹಾಕಿಕೊಂಡು. ಕೈಗೆ ಸರಿಯಾಗಿ ಕೂರಲಿಲ್ಲ. ಆಮೇಲೆ ಪ್ರಾಸಿಕ್ಯೂಷನ್ ಎಷ್ಟು ಕಾರಣ ಕೊಟ್ಟರೂ ನೋಡಿದವರ ತಲೆಯಿಂದ ಆ ದೃಶ್ಯ ಹೋಗುತ್ತದಾ?

ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ವಿಜ್ಞಾನದ ಸಾಕ್ಷ್ಯವನ್ನು ಒಪ್ಪಲು, 1923ರ ಫ್ರೈ ತೀರ್ಪಿನ ಪ್ರಕಾರ ಆ ಕ್ಷೇತ್ರದವರು ಒಪ್ಪಿದ ವಿಧಾನವಾಗಿದ್ದರೆ ಸಾಕಿತ್ತು. 1993ರ ಡೌಬರ್ಟ್ ತೀರ್ಪು ನ್ಯಾಯಾಧೀಶರಿಗೆ ಜಾಸ್ತಿ ಕೆಲಸ ಕೊಟ್ಟಿತು. ಇದನ್ನು ಪರೀಕ್ಷಿಸಬಹುದಾ, ಬೇರೆ ತಜ್ಞರು ನೋಡಿದ್ದಾರಾ, ತಪ್ಪಾಗುವ ಪ್ರಮಾಣ ಎಷ್ಟು ಅಂತೆಲ್ಲ ಅವರು ನೋಡಬೇಕು. ಒಳ್ಳೆಯ ಪ್ರಶ್ನೆಗಳೇ.

ಆದರೆ ಪಾಟೀಸವಾಲು ಮಾಡುವ ವಕೀಲ ನಾನಾಗಿದ್ದರೆ ತಜ್ಞರನ್ನು ಮೊದಲು ಕೇಳುವುದು ಬೇರೆ. ಇದನ್ನು ತೋರಿಸುವ ಮೊದಲು ಸಿಮ್ಯುಲೇಷನ್ ಎಷ್ಟು ಸಲ ಓಡಿಸಿದಿರಿ? ಆ ಫೈಲುಗಳು ಎಲ್ಲಿವೆ? ಈ ವಾರ ನಾನು ಆಫೀಸಿನಲ್ಲಿ ತೋರಿಸಿದ ವೀಡಿಯೊದ ಫೋಲ್ಡರಿನಲ್ಲಿ 40 ಫೈಲುಗಳಿವೆ. ಉಳಿದ 39ನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.