ಕುದುರೆ, ಕಾಲುಚೀಲ ಮತ್ತು ನಡಾವಳಿ ಪುಸ್ತಕ

ಹನ್ನೆರಡು ವರ್ಷ ನಮ್ಮ ಕಾಲೇಜಿನ ಅಧ್ಯಾಪಕರ ಸಭೆಗೆ ಕಾರ್ಯದರ್ಶಿಯಾಗಿ ನಡಾವಳಿ ಬರೆದವನು ನಾನು. ಆದ್ದರಿಂದ ಅಮೆರಿಕದ ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋದಾಗ, ಮಳೆ ಬಿಡದ ಒಂದು ದಿನವನ್ನು ವಿಲಿಯಮ್ಸ್‌ಬರ್ಗ್‌ನ ಗ್ರಂಥಾಲಯದಲ್ಲಿ, ವಿಲಿಯಂ ಆಂಡ್ ಮೇರಿ ಕಾಲೇಜಿನ ಹಳೆಯ ನಡಾವಳಿಗಳ ಅಚ್ಚಾದ ಪ್ರತಿಯ ಮುಂದೆ ಕಳೆದದ್ದು ನನಗೇನೂ ವಿಚಿತ್ರವೆನಿಸಲಿಲ್ಲ, ಮಗಳಿಗೆ ಅನಿಸಿತು. 1693ರಲ್ಲಿ ರಾಜಸನ್ನದಿನಿಂದ ಹುಟ್ಟಿದ ಆ ಕಾಲೇಜನ್ನು ಧರ್ಮದರ್ಶಿಗಳು 1729ರಲ್ಲಿ ಅಧ್ಯಕ್ಷರಿಗೂ ಅಧ್ಯಾಪಕರಿಗೂ ವಿಧಿವತ್ತಾಗಿ ಒಪ್ಪಿಸಿದರು. ನಡಾವಳಿಯೂ ಆ ವರ್ಷದಿಂದಲೇ ಆರಂಭವಾಗುತ್ತದೆ.

ಪಠ್ಯಕ್ರಮದ ಚರ್ಚೆಯನ್ನು ನಿರೀಕ್ಷಿಸಿದ್ದ ನನಗೆ ಮೊದಲು ಎದುರಾದದ್ದು ಕುದುರೆ. 1752ರ ಸೆಪ್ಟೆಂಬರ್ 14ರ ಠರಾವಿನಂತೆ, ಯಾವ ವಯಸ್ಸಿನ, ಯಾವ ಅಂತಸ್ತಿನ ವಿದ್ಯಾರ್ಥಿಯೂ ಕಾಲೇಜಿನಲ್ಲಾಗಲಿ ಊರಿನಲ್ಲಾಗಲಿ ಪಂದ್ಯದ ಕುದುರೆ ಸಾಕುವಂತಿಲ್ಲ. (ಆಗ ವರ್ಜೀನಿಯಾವೂ ಸೇರಿದಂತೆ ಬ್ರಿಟಿಷ್ ಆಳ್ವಿಕೆಯ ನಾಡುಗಳಲ್ಲಿ ಕ್ಯಾಲೆಂಡರ್ ಬದಲಾಗಿ, ಆ ತಿಂಗಳು 2ನೇ ತಾರೀಕಿನ ಮರುದಿನವೇ 14 ಬಂದಿತ್ತು; ಹೊಸ ಕ್ಯಾಲೆಂಡರಿನ ಮೊದಲ ದಿನವೇ ಅಧ್ಯಾಪಕರು ಕುದುರೆಯ ಚಿಂತೆಗೆ ಕುಳಿತಿದ್ದರು.) ಇನ್ನೊಂದೆಡೆ ಫಾಸ್ಟರ್ ಎಂಬಾಕೆಯನ್ನು ಹುಡುಗರ ಹರಿದ ಕಾಲುಚೀಲ ಹೊಲಿದು ಸರಿಪಡಿಸಲು ವರ್ಷಕ್ಕೆ 12 ಪೌಂಡಿಗೆ ನೇಮಿಸಿದ್ದಾರೆ, ವಸತಿ, ಊಟ, ಸೌದೆ, ಮೇಣದಬತ್ತಿ ಎಲ್ಲವೂ ಆಕೆಯದೇ ಖರ್ಚು. ಇಂಥವನ್ನು ನಾನಾಗಿದ್ದರೆ ‘ಅಧ್ಯಕ್ಷರ ಅನುಮತಿಯ ಮೇರೆಗೆ ಬರುವ ಇತರೆ ವಿಷಯಗಳು’ ಎಂಬಲ್ಲಿಗೆ ತಳ್ಳಿ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಆದರೆ 1757ರಲ್ಲಿ, ಅಧ್ಯಾಪಕರ ಮೇಲೆ ಆಗಲೂ ಇದ್ದ ಕಾಲೇಜಿನ ಆಡಳಿತ ಮಂಡಳಿ ಹಲವು ಅಧ್ಯಾಪಕರನ್ನು ಕೆಲಸದಿಂದ ತೆಗೆದುಹಾಕಿತೆಂಬುದೂ, ಅವರಲ್ಲೊಬ್ಬರಾದ ಜಾನ್ ಕ್ಯಾಮ್ ಇಂಗ್ಲೆಂಡಿನಲ್ಲಿ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ವರೆಗೆ ದೂರು ಒಯ್ದು ತಮ್ಮ ಸ್ಥಾನ ಮರಳಿ ಪಡೆದು, 1771ರಲ್ಲಿ ಅಧ್ಯಕ್ಷರೇ ಆದರೆಂಬುದೂ ನೆನಪಾದಾಗ ಆ ಸಣ್ಣ ಠರಾವುಗಳು ಬೇರೆಯಾಗಿ ಕಂಡವು. ಮನೆವಾರ್ತೆ ನೋಡಿಕೊಳ್ಳುವಾಕೆಗೆ ಅಧ್ಯಾಪಕರು ಬರೆದುಕೊಟ್ಟ ಸೂಚನೆಯಲ್ಲಿ, ಹುಡುಗರ ವಿಚಾರಕ್ಕೆ ನೀವು ಕೈಹಾಕಬಾರದು, ದೂರಿದ್ದರೆ ಆಯಾ ಅಧ್ಯಾಪಕರಿಗೇ ತಿಳಿಸಬೇಕು ಎಂದಿದೆ. ಮೇಲಿನ ಮಂಡಳಿಯ ಕೈಗೆ ಹೋಗಬಹುದಾದ ಅಧಿಕಾರವನ್ನು ಇವರು ಅಡುಗೆಮನೆಯ ಬಾಗಿಲಲ್ಲಿಯೂ ಕಾಯುತ್ತಿದ್ದರು ಎಂದೇ ನನಗೆ ತೋರುತ್ತದೆ.

ಅದೇ ಸೂಚನೆಯಲ್ಲಿ ವಾರಕ್ಕೆರಡು ಸಲ, ಭಾನುವಾರವಂತೂ ತಪ್ಪದೆ, ಪುಡಿಂಗ್ ಅಥವಾ ಪೈ ಬಡಿಸಬೇಕೆಂದಿದೆ. ಕಾಲೇಜಿನ ಚಾಕರಿಗೆ ಕಾಲೇಜೇ ಗುಲಾಮರನ್ನು ಇಟ್ಟುಕೊಂಡಿದ್ದ ಕಾಲವದು. ನಾನು ಓದಿದ ಆ ಸಾಲುಗಳಲ್ಲಿ ಫಾಸ್ಟರ್‌ಗೆ ಹೆಸರೂ ಸಂಬಳವೂ ಇದ್ದವು, ಪುಡಿಂಗಿಗೂ ದಿನ ನಿಗದಿಯಾಗಿತ್ತು; ಅದನ್ನು ಬೇಯಿಸಿದವರ ಹೆಸರು ಮಾತ್ರ ಇರಲಿಲ್ಲ.