ಕೆಕೆರೆ ಯಾವ ಊರಮ್ಮಾ?

ಹೋದ ಶನಿವಾರ ನೈಜೀರಿಯಾದ ಲೇಗೋಸ್‌ನಲ್ಲಿ, ನೀಲಿ ಮೆಟ್ರೊ ರೈಲಿನಲ್ಲಿ ಮರೀನಾ ಕಡೆಗೆ ಹೊರಟಿದ್ದೆವು. ನಾನು, ಮಗಳು, ಮೇಲಿನ ಮನೆಯ ಯೊರುಬಾ ಅಂಕಲ್. ರೈಲು ನೀರಿನ ಮೇಲಿನ ಸೇತುವೆಗೆ ಬಂದಾಗ ಅಂಕಲ್ ಕಿಟಕಿಯ ಗಾಜನ್ನು ಎರಡು ಸಲ ತಟ್ಟಿ, "ಥ್ಯಾಂಕ್ಯೂ, ಬಾಬಾ ಕೆಕೆರೆ" ಅಂದರು. ಮಗಳು ನನ್ನ ಸೆರಗು ಎಳೆದಳು. "ಅಮ್ಮಾ, ಕೆಕೆರೆ ಯಾವ ಊರು? ಅರಕೆರೆ ಹತ್ರಾನಾ?"

ಅರಕೆರೆಯಲ್ಲಿ ನಮ್ಮ ಅತ್ತೆ ಮನೆ ಇದೆ. ಅವಳಿಗೆ ಗೊತ್ತಿರುವ ಬೆಂಗಳೂರು ಅಂದ್ರೆ ಅಷ್ಟೇ. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗ್ತಿದ್ದೀನಿ ಅಂತ ಅಂಕಲ್‌ಗೆ ಹೇಳಿದ ಮೇಲೆ ಅವರೂ ನಕ್ಕರು. ಯೊರುಬಾದಲ್ಲಿ ಬಾಬಾ ಅಂದ್ರೆ ಅಪ್ಪ, ಕೆಕೆರೆ ಅಂದ್ರೆ ಚಿಕ್ಕದು. "ಹಾಗಾದ್ರೆ ಚಿಕ್ಕಪ್ಪ!" ಅಂದಳು ಮಗಳು. ಸರಿಯಾಗಿಯೇ ಇತ್ತು. ದೊಡ್ಡಪ್ಪ ಅಂದ್ರೆ ಯೊರುಬಾ ಜನರ ದೊಡ್ಡ ನಾಯಕ ಒಬಾಫೆಮಿ ಅವೊಲೊವೊ. ಅವರ ನೈಜೀರಿಯನ್ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕರಾಗಿ, ಅವರ ಮೇಲಿದ್ದ ರಾಜದ್ರೋಹದ ಕೇಸಿನಲ್ಲೇ 1963ರಲ್ಲಿ ಜೈಲಿಗೆ ಹೋಗಿ, 1966ರಲ್ಲಿ ಹೊರಗೆ ಬಂದವರು ಲತೀಫ್ ಜಕಾಂಡೆ. ಅವರೇ ಈ ಊರಿನ ಚಿಕ್ಕಪ್ಪ.

ನನಗೆ ಮಾತ್ರ ಮೊದಲ ಎರಡು ವರ್ಷ ಜಕಾಂಡೆ ಅಂದ್ರೆ ಒಂದು ಬಸ್ ಸ್ಟಾಪ್. ಹಳದಿ ಡಾನ್‌ಫೋ ವ್ಯಾನಿನ ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ "ಜಕಾಂಡೆ, ಜಕಾಂಡೆ" ಅಂತ ಕೂಗುತ್ತಿದ್ದ. ಒಂದು ಸಲ ಇಸೊಲೊ ಕಡೆಯ ಜಕಾಂಡೆಗೆ ಹೋಗಬೇಕಾದವಳು ಲೆಕ್ಕಿ ಕಡೆಯ ಜಕಾಂಡೆಗೆ ಹೋಗಿ ಇಳಿದಿದ್ದೆ. ಊರಿನ ಎರಡು ತುದಿ ಅವು. ಸಿಕ್ಕ ಟ್ರಾಫಿಕ್ಕಿನ ಬಗ್ಗೆ ಹೇಳೋದೇ ಬೇಡ, ಬಿಡಿ. ಜಕಾಂಡೆ ಕಟ್ಟಿಸಿದ ಅಗ್ಗದ ಮನೆಗಳ ಬಡಾವಣೆ ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಜನ ಆ ಹೆಸರು ಇಟ್ಟುಬಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

1979ರ ಅಕ್ಟೋಬರ್ 1ಕ್ಕೆ ಅವರು ಲೇಗೋಸ್ ರಾಜ್ಯದ ಗವರ್ನರ್ ಆದರು. ಇಲ್ಲಿ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಜನ ವೋಟು ಹಾಕಿ ಆರಿಸುವ ಮುಖ್ಯಮಂತ್ರಿ ಇದ್ದ ಹಾಗೆ. ಆಗ ಶಾಲೆಗಳಲ್ಲಿ ಜಾಗ ಸಾಲದೆ ಪಾಳಿ ನಡೆಯುತ್ತಿತ್ತು. ಅಂಕಲ್‌ದು ಬೆಳಗಿನ ಪಾಳಿ, ಅವರ ತಂಗಿದು ಮಧ್ಯಾಹ್ನದ್ದು. ಇಬ್ಬರಿಗೂ ಸೇರಿ ಒಂದೇ ಜೊತೆ ಚಪ್ಪಲಿ. ಇವರು ಗೇಟಿನ ಹತ್ತಿರ ಬರುವಷ್ಟರಲ್ಲಿ ತಂಗಿ ಬರಿಗಾಲಲ್ಲಿ ನಿಂತಿರುತ್ತಿದ್ದಳಂತೆ. ಇವರು ಚಪ್ಪಲಿ ಬಿಡಬೇಕು, ಅವಳು ಅದೇ ಬಿಸಿಯಲ್ಲಿ ಮೆಟ್ಟಿಕೊಂಡು ಓಡಬೇಕು. ದೊಡ್ಡದಾಗುತ್ತೆ ಅಂತ ಹಿಮ್ಮಡಿ ಹತ್ತಿರ ಬಟ್ಟೆ ತುರುಕಿಕೊಳ್ಳುತ್ತಿದ್ದಳು. ಜಕಾಂಡೆ ಗಡಿಬಿಡಿಯಲ್ಲಿ ಸಾವಿರಾರು ಕ್ಲಾಸ್‌ರೂಮು ಕಟ್ಟಿಸಿ ಪಾಳಿ ನಿಲ್ಲಿಸಿದರು, ಫೀಸೂ ತೆಗೆದರು. "ಎಲ್ಲಾ ಪುಕ್ಕಟೆ ಮಾಡಿದರು ಅಂತಾರೆ, ನಮ್ಮಪ್ಪನಿಗೆ ಮಾತ್ರ ಒಂದು ಜೊತೆ ಚಪ್ಪಲಿಯ ಖರ್ಚು ಬಂತು" ಅಂದರು ಅಂಕಲ್.

ಆ ಕಟ್ಟಡಗಳನ್ನು ನೋಡಿ ಉಳ್ಳವರು ಕೋಳಿಗೂಡು ಅಂತ ಆಡಿಕೊಳ್ಳುತ್ತಿದ್ದರಂತೆ. ಕಟ್ಟಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಅಂಕಲ್ಲೇ ಒಪ್ಪುತ್ತಾರೆ. ಆದ್ರೆ ಗವರ್ನರ್ ಸಾಹೇಬರು ಸರ್ಕಾರಿ ಬಂಗಲೆಗೆ ಹೋಗದೆ ನಮ್ಮ ಇಲುಪೇಜುವಿನಲ್ಲಿದ್ದ ತಮ್ಮ ಸ್ವಂತ ಮನೆಯಲ್ಲೇ ಇದ್ದರು, ಓಡಾಡಿದ್ದೂ ಸ್ವಂತ ಕಾರಿನಲ್ಲೇ. ಇದನ್ನು ತರಕಾರಿ ಮಾರುವ ಹೆಂಗಸು ಕೂಡ ತನ್ನ ಮನೆಯವರ ಬಗ್ಗೆ ಹೇಳಿದ ಹಾಗೆ ಹೇಳುತ್ತಾಳೆ.

ರೈಲಿನ ಕತೆ ಇನ್ನೂ ವಿಚಿತ್ರ. 1983ರಲ್ಲೇ ಜಕಾಂಡೆ ಮೆಟ್ರೊ ಕೆಲಸ ಶುರು ಮಾಡಿಸಿದ್ದರು. ಅದೇ ವರ್ಷದ ಕೊನೆಯ ದಿನ ಸೈನ್ಯ ಸರ್ಕಾರವನ್ನು ಕಿತ್ತುಹಾಕಿತು. ಹೊಸ ದೊರೆ ಮುಹಮ್ಮದು ಬುಹಾರಿ. 1985ರಲ್ಲಿ ಅವರ ಸರ್ಕಾರ ಮೆಟ್ರೊ ರದ್ದು ಮಾಡಿತು, ರಾಜ್ಯಕ್ಕೆ ಕೋಟಿಗಟ್ಟಲೆ ಡಾಲರ್ ಲುಕ್ಸಾನು. ಈಗ ನಾವು ಕೂತಿದ್ದ ನೀಲಿ ರೈಲನ್ನು 2023ರ ಜನವರಿಯಲ್ಲಿ ಉದ್ಘಾಟನೆ ಮಾಡಿದ್ದು ಯಾರು? ವೋಟಿನಿಂದ ಗೆದ್ದು ಅಧ್ಯಕ್ಷರಾಗಿದ್ದ ಅದೇ ಬುಹಾರಿ! ಜಕಾಂಡೆ 2021ರಲ್ಲಿ, 91ನೇ ವಯಸ್ಸಿಗೆ ತೀರಿಕೊಂಡಿದ್ದರು. "ತಟ್ಟೆ ಕಿತ್ತುಕೊಂಡವರೇ 38 ವರ್ಷ ಬಿಟ್ಟು ಊಟಕ್ಕೆ ಕರೆದರು" ಅಂದರು ಅಂಕಲ್.

ಚಿಕ್ಕಪ್ಪನದು ತಪ್ಪೇ ಇಲ್ಲ ಅಂತಲ್ಲ. 1993ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದಿದ್ದ ಅಬಿಯೋಲಾಗೆ ಅಧಿಕಾರ ಸಿಗಲಿಲ್ಲ. ಸರ್ವಾಧಿಕಾರಿ ಅಬಾಚಾ ಬಂದ. ಜಕಾಂಡೆ ಅವನ ಸಂಪುಟದಲ್ಲಿ ಲೋಕೋಪಯೋಗಿ ಮಂತ್ರಿಯಾದರು. ಊರು ಅದನ್ನು ಪೂರ್ತಿ ಕ್ಷಮಿಸಿಲ್ಲ. ಈ ಮಾತು ಬಂದಾಗ ಅಂಕಲ್ ಕಿಟಕಿ ಕಡೆ ತಿರುಗಿ, "ಅದೊಂದು ಮಾಡಬಾರದಿತ್ತು" ಅಂದು ಸುಮ್ಮನಾದರು. ನಾನೂ ಕೆದಕಲಿಲ್ಲ.

ನನ್ನ ತಲೆಯಲ್ಲಿ ಉಳಿದದ್ದು ಆ ಕೋಳಿಗೂಡು. ನಮ್ಮೂರಲ್ಲೂ ಜನತಾ ಮನೆಗಳಿದ್ದವು. ಅದೇ ಹೆಂಚು, ಅದೇ ಮೊಣಕೈ ಉದ್ದದ ಕಿಟಕಿ. ನಮ್ಮ ಮನೆಯಲ್ಲಿ ಅದಕ್ಕೆ ಬೆಂಕಿಪೊಟ್ಟಣ ಅಂತಿದ್ದರು. ನನ್ನ ಬೆಂಚಿನ ಗೆಳತಿ ಮನೆ ಅಲ್ಲೇ ಇತ್ತು. ಎಲ್ಲಿ ನಿಮ್ಮನೆ ಅಂತ ಯಾರಾದ್ರೂ ಕೇಳಿದರೆ ಅವಳು "ಟೆಂಟ್ ಹಿಂದೆ" ಅನ್ನುತ್ತಿದ್ದಳೇ ಹೊರತು ಜನತಾ ಕಾಲೋನಿ ಅಂತ ಒಂದು ದಿನವೂ ಹೇಳಲಿಲ್ಲ. ನೋಟ್ಸ್ ತರೋಕೆ ಹೋದಾಗ ನಾನು ಹೊರಗೇ ನಿಲ್ಲುತ್ತಿದ್ದೆ. ಒಳಗೆ ಬಾ ಅಂತ ಅವಳ ಅಮ್ಮ ಎಷ್ಟು ಸಲ ಕರೆದರೋ. ಬೇಗ ಹೋಗ್ಬೇಕು ಆಂಟಿ ಅಂತಿದ್ದೆ. ಅವಸರ ಏನೂ ಇರುತ್ತಿರಲಿಲ್ಲ.

ಚಪ್ಪಲಿಗೆ ಕಾಯುತ್ತಿದ್ದ ಆ ತಂಗಿ ಈಗಲೂ ಇಸೊಲೊದ ಜಕಾಂಡೆಯಲ್ಲಿದ್ದಾರೆ. ಅಂಕಲ್ ರೈಲಿನಿಂದಲೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. "ಭಾನುವಾರ ಊಟಕ್ಕೆ ಬನ್ನಿ, ಜಕಾಂಡೆ ಅಂತ ಹೇಳಿ ಸಾಕು, ಯಾರಾದ್ರೂ ತೋರಿಸ್ತಾರೆ" ಅಂದರು ಆಕೆ, ದೊಡ್ಡ ಗಂಟಲಲ್ಲಿ, ಇಡೀ ಬೋಗಿಗೆ ಕೇಳುವ ಹಾಗೆ. ಬರ್ತೀವಿ ಅಂದೆ.

ಮರೀನಾದಲ್ಲಿ ಇಳಿಯುವಾಗ ಮಗಳು ಮತ್ತೆ ಸೆರಗು ಎಳೆದಳು.

"ಅಮ್ಮಾ, ಭಾನುವಾರ ಹೋಗ್ತೀವಲ್ಲ, ಅಲ್ಲಿ ಕೋಳಿಗಳೂ ಇರ್ತಾವಾ?"