ತೋಟದ ಮನೆಗೆ ಯಾವ ಕೋಳಿ?

"ಗಿರಿರಾಜ ತರಲಾ, ಗ್ರಾಮಪ್ರಿಯ ತರಲಾ?" ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಪೇಟೆ ಬಿಟ್ಟು ತೋಟದ ಮನೆಗೆ ಮರಳಿದವರು ನನ್ನಲ್ಲಿ ಕೇಳುವುದು ಇದನ್ನೇ. ಮೊಟ್ಟೆ, ಮಾಂಸ, ಗೊಬ್ಬರ ಎಲ್ಲ ಮನೆಯಲ್ಲೇ ಆಗಬೇಕು, ಅಂಗಡಿಯ ಹಂಗು ಬೇಡ ಎಂಬ ಆಸೆ ಅವರದು. ಹಾಗಿದ್ದರೆ ಮೊದಲು ನಾಲ್ಕೈದು ಊರ ಹೇಂಟೆ, ಒಂದು ಹುಂಜ ತನ್ನಿ. ಉಳಿದದ್ದು ಆಮೇಲೆ.

ಊರ ಕೋಳಿ ವರ್ಷಕ್ಕೆ ಇಡುವುದು 60–80 ಮೊಟ್ಟೆ. ಗ್ರಾಮಪ್ರಿಯ 200ರ ಹತ್ತಿರ ಹೋಗುತ್ತದೆ, ಬಿವಿ 380 ಎಂಬ ಮೊಟ್ಟೆ ಕೋಳಿ ಅದಕ್ಕೂ ಮೇಲೆ. ಆದರೆ ಬಿವಿಗೆ ದಿನಕ್ಕೆ ನೂರು ಗ್ರಾಂಗಿಂತ ಹೆಚ್ಚು ಫೀಡ್ ಬೇಕು, ಅದು ಪೇಟೆಯಿಂದಲೇ ಬರಬೇಕು. ಅದಕ್ಕಿಂತ ದೊಡ್ಡದು ಕಾವಿನ ವಿಷಯ. ಮೊಟ್ಟೆ ಹೆಚ್ಚಲೆಂದು ತಳಿ ತಿದ್ದುತ್ತ ಹೋದಂತೆ ಕಾವು ಕೂರುವ ಗುಣ ಕಳೆದುಹೋಯಿತು. ಹೈದರಾಬಾದಿನ ಗ್ರಾಮಪ್ರಿಯ, ಬೆಂಗಳೂರಿನ ಗಿರಿರಾಜ ಎರಡೂ ಬೆರಕೆ ತಳಿಗಳು; ತಾಯಿಯ ಗುಣ ಮರಿಗೆ ಹಾಗೇ ಇಳಿಯುವುದಿಲ್ಲ. ಮರಿ ಬೇಕೆಂದಾಗಲೆಲ್ಲ ಹ್ಯಾಚರಿ ಬಾಗಿಲಿಗೆ ಹೋಗುವುದಾದರೆ ಅದು ಯಾವ ಸ್ವಾವಲಂಬನೆ?

ಊರ ಹೇಂಟೆ ಹತ್ತು ಹನ್ನೆರಡು ಮೊಟ್ಟೆಗೆ 21 ದಿನ ಕೂತು, ಮರಿ ಕಟ್ಟಿಕೊಂಡು ತೋಟಕ್ಕಿಳಿದು ಗೆದ್ದಲು ಕೆದಕಿ ತಿನ್ನಿಸುತ್ತದೆ. ಗಿಡುಗ ಸುಳಿದರೆ ಅದರ ಒಂದು ಕೂಗಿಗೆ ಮರಿಗಳೆಲ್ಲ ಪೊದೆ ಸೇರುತ್ತವೆ. ಕತ್ತಲಾದರೆ ದೊಡ್ಡವು ಹಲಸಿನ ಕೊಂಬೆಗೂ ಹಾರಿಯಾವು. ಗಿರಿರಾಜನ ಮೈಭಾರಕ್ಕೆ ಅದು ಸಾಧ್ಯವಿಲ್ಲ. ಕೀರಿ, ನರಿ ತಿರುಗುವ ಗುಡ್ಡೆಬದಿಯಲ್ಲಿ ಅದನ್ನು ಬಿಟ್ಟು ಸಾಕಲು ನನಗೆ ಹೆದರಿಕೆ. ಅಪ್ಪಟ ಬಿಳಿ ಕೋಳಿಯೂ ಬೇಡ, ದೂರದಿಂದಲೇ ಕಾಣುತ್ತದೆ. ತಲಶ್ಶೇರಿ ಕೋಳಿ ಸಿಕ್ಕಿದರೆ ಬಿಡಬೇಡಿ. ಉತ್ತರ ಮಲಬಾರಿನದ್ದೇ ಕರಿ ತಳಿ ಅದು, ಬಿಸಿಲಿಗೆ ಪುಕ್ಕ ನೀಲಿ ಹೊಳೆಯುವುದನ್ನು ನೋಡಬೇಕು!

ಮೊಟ್ಟೆ ಸಾಲದಿದ್ದರೆ ಎರಡು ಮೂರು ಗ್ರಾಮಪ್ರಿಯ ಸೇರಿಸಿ. ಹುಂಜವನ್ನು ಮಾತ್ರ ಆಗಾಗ ದೂರದ ಮನೆಯವರೊಂದಿಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಒಂದೇ ರಕ್ತ ಬೆರೆತು ಮರಿ ಸೊರಗುತ್ತವೆ.

ತಳಿ ಯಾವುದೇ ಇರಲಿ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗೂಡಿನ ನೆಲ ಒಣಗಿರಲೇಬೇಕು. ತೇವಕ್ಕೆ ರಕ್ತಭೇದಿ ಹಿಡಿದರೆ ಮರಿಗಳು ಸಾಲಾಗಿ ಸಾಯುತ್ತವೆ. ಕೊಕ್ಕರೆ ರೋಗಕ್ಕೆ (ರಾಣಿಕೇತ್) ಊರ ಕೋಳಿಯೂ ಹೊರತಲ್ಲ. ಮೊದಲ ವಾರದಲ್ಲೇ ಕಣ್ಣಿಗೆ ಲಸಿಕೆಯ ಹನಿ, ಎರಡು ತಿಂಗಳಾದ ಮೇಲೆ ಚುಚ್ಚುಮದ್ದು. ಒಂದು ಬಾಟ್ಲಿ ಲಸಿಕೆ ನೂರಾರು ಕೋಳಿಗೆ ಆಗುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ನೆರೆಕರೆಯವರೆಲ್ಲ ಸೇರಿ ಒಂದು ದಿನ ಗೊತ್ತುಮಾಡಿ, ಬೆಳಗ್ಗೆ ಕೋಳಿ ಹೊರಗೆ ಬಿಡುವ ಮೊದಲೇ ಹಾಕಿಸಿ.